ಪಕ್ಕದಲ್ಲಿ ಕಟ್ಟಡ ಇರುವಾಗ ಆಳಕ್ಕೆ ಅಗೆಯುವುದು: ತಡೆಗೋಡೆಯ ಚಲನೆ ಹಿಡಿತದಲ್ಲಿಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್‌ಮೆಂಟಿಗೋ ಸುರಂಗ ರೈಲಿನ ನಿಲ್ದಾಣಕ್ಕೋ ಹತ್ತಿಪ್ಪತ್ತು ಮೀಟರ್ ಅಗೆಯುವಾಗ ಸುತ್ತಲೂ ಬಯಲಿದ್ದರೆ, ತಡೆಗೋಡೆ ಬೀಳದೆ ನಿಂತರೆ ಸಾಕು. ಪಕ್ಕದಲ್ಲೇ ಜನ ಇರುವ ಕಟ್ಟಡವಿದ್ದರೆ ಅಷ್ಟು ಸಾಲದು. ಗೋಡೆ ಭದ್ರವಾಗಿ ನಿಂತಿದ್ದೂ ನೆರೆಮನೆ ಬಿರುಕು ಬಿಡಬಹುದು. ಸೈಟ್ ಎಂಜಿನಿಯರ್‌ಗಳು, ಗುತ್ತಿಗೆದಾರರು, ಪಕ್ಕದ ಕಟ್ಟಡದ ಮಾಲೀಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಇವು ವಿಷಯ ಅರ್ಥವಾಗಲಿ ಎಂದು ಬರೆದವು. ನಿಮ್ಮ ಜಾಗದ ಮಣ್ಣು ಪರೀಕ್ಷೆಗೂ ವಿನ್ಯಾಸಕ್ಕೂ ಬದಲಿಯಲ್ಲ.

ಇಷ್ಟು ದಪ್ಪದ ಕಾಂಕ್ರೀಟ್ ಗೋಡೆ ಹಾಕಿದ ಮೇಲೂ ಅದು ಯಾಕೆ ಸರಿಯುತ್ತದೆ?

ಅಗೆಯುವ ಮುನ್ನ ಗೋಡೆಯ ಎರಡೂ ಬದಿಯ ಮಣ್ಣು ಒಂದಕ್ಕೊಂದು ಎದುರು ಒತ್ತಿಕೊಂಡು ನಿಂತಿರುತ್ತದೆ. ಒಳಬದಿಯ ಮಣ್ಣು ತೆಗೆದ ಕೂಡಲೇ ಹೊರಗಿನ ಒತ್ತಡಕ್ಕೆ ಎದುರು ನಿಲ್ಲುವವರೇ ಇರುವುದಿಲ್ಲ. ಮಣ್ಣು, ಅದರೊಳಗಿನ ನೀರು, ಪಕ್ಕದ ಕಟ್ಟಡದ ಭಾರ, ಎಲ್ಲ ಸೇರಿ ಗೋಡೆಯನ್ನು ಹೊಂಡದ ಕಡೆಗೆ ತಳ್ಳುತ್ತವೆ. ಜೊತೆಗೆ, ಮಣ್ಣು ತನ್ನ ಬಲವನ್ನು ತೋರಿಸಬೇಕಾದರೆ ಅದು ಒಂದಿಷ್ಟು ಕದಲಲೇಬೇಕು. ಹೊರಗಿನ ಒತ್ತಡ ಕನಿಷ್ಠ ಮಟ್ಟಕ್ಕೆ ಇಳಿಯಲು ಅಲ್ಪ ಚಲನೆ ಸಾಕು. ಹೊಂಡದೊಳಗಿನ ಮಣ್ಣು ಪೂರ್ತಿ ಎದುರೊತ್ತಡ ಕೊಡಬೇಕಾದರೆ ಅದರ ಹಲವು ಪಟ್ಟು ಚಲನೆ ಬೇಕು. ಹಾಗಾಗಿ ಗೋಡೆ ಸ್ವಲ್ಪವೂ ಅಲುಗುವುದಿಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಎಷ್ಟು ಅಲುಗುತ್ತದೆ, ಯಾವ ಹಂತದಲ್ಲಿ, ಯಾವ ಆಳದಲ್ಲಿ ಎಂದು ಕೇಳಿ.

ಗೋಡೆ ಯಾವ ಆಕಾರದಲ್ಲಿ ಸರಿಯುತ್ತದೆ? ಅದು ತಿಳಿದು ಪ್ರಯೋಜನವೇನು?

ಪ್ರಯೋಜನ ಬಹಳ ಇದೆ. ಮೊದಲ ಸ್ಟ್ರಟ್, ಅಂದರೆ ಎದುರುಬದುರು ಗೋಡೆಗಳ ನಡುವೆ ಅಡ್ಡ ಕೊಡುವ ಆಧಾರದ ತೊಲೆ, ಕೂರಿಸುವ ಮುನ್ನ ಗೋಡೆಗೆ ಮೇಲೆ ಆಧಾರ ಇರುವುದಿಲ್ಲ. ಆಗ ತುದಿಯೇ ಹೆಚ್ಚು ವಾಲುತ್ತದೆ, ಗೋಡೆಗೆ ಅಂಟಿಕೊಂಡಿರುವ ನೆಲವೇ ಹೆಚ್ಚು ಕುಸಿಯುತ್ತದೆ. ಮೇಲಿನ ಸ್ಟ್ರಟ್ ಬಂದ ಮೇಲೆ ತುದಿ ನಿಲ್ಲುತ್ತದೆ; ಮುಂದಿನ ಅಗೆತಕ್ಕೆಲ್ಲ ಗೋಡೆ ನಡುವಿನಲ್ಲಿ ಹೊಟ್ಟೆ ಉಬ್ಬಿದಂತೆ ಒಳಕ್ಕೆ ಬಾಗುತ್ತದೆ. ಆ ಉಬ್ಬು ಸಾಮಾನ್ಯವಾಗಿ ಆ ಹೊತ್ತಿನ ಅಗೆತದ ತಳದ ಹತ್ತಿರವೇ ಇರುತ್ತದೆ, ಹೊಂಡ ಇಳಿದಂತೆಲ್ಲ ಕೆಳಗಿಳಿಯುತ್ತದೆ. ಮೆದು ಜೇಡಿಮಣ್ಣಿನಲ್ಲಿ ಅದು ತಳಕ್ಕಿಂತಲೂ ಕೆಳಗಿರಬಹುದು. ಆಗ ಹೊರಗಿನ ನೆಲದ ಕುಸಿತ ಗೋಡೆಯ ಬುಡದಲ್ಲಿ ಅಲ್ಲ, ಸ್ವಲ್ಪ ದೂರದಲ್ಲಿ ತೊಟ್ಟಿಯಂತೆ ತಗ್ಗಾಗುತ್ತದೆ.

ಇದರಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ಮಾತೊಂದಿದೆ. ಒಂದು ಹಂತದ ಸ್ಟ್ರಟ್ ಬರುವ ಹೊತ್ತಿಗೆ ಆ ಮಟ್ಟದಲ್ಲಿ ಗೋಡೆ ಆಗಲೇ ಬಾಗಿಯಾಗಿರುತ್ತದೆ. ಸ್ಟ್ರಟ್ ಆ ಬಾಗನ್ನು ಅಲ್ಲಿಗೆ ನಿಲ್ಲಿಸುತ್ತದೆಯೇ ಹೊರತು ಹಿಂದಕ್ಕೆ ತರುವುದಿಲ್ಲ. ಒಟ್ಟು ಚಲನೆಯ ದೊಡ್ಡ ಪಾಲು ಆಧಾರ ಸಿಗುವ ಮುನ್ನ ನಡೆದು ಹೋದದ್ದು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ.

ಸಾಮಾನ್ಯವಾಗಿ ಎಷ್ಟು ಮಿಲಿಮೀಟರ್ ಸರಿಯಬಹುದು?

1969ರಲ್ಲಿ ಮಣ್ಣು ಎಂಜಿನಿಯರಿಂಗ್ ತಜ್ಞ ರಾಲ್ಫ್ ಪೆಕ್ ಆವರೆಗಿನ ಹೊಂಡಗಳ ಅಳತೆಗಳನ್ನು ಒಟ್ಟುಗೂಡಿಸಿ, ಮಣ್ಣಿನ ಬಗೆಗೂ ಕೆಲಸದ ಗುಣಕ್ಕೂ ತಕ್ಕಂತೆ ಕುಸಿತ ಎಷ್ಟಾಗುತ್ತದೆಂದು ಮೊದಲ ಬಾರಿಗೆ ನಕ್ಷೆ ಹಾಕಿದರು. 1990ರಲ್ಲಿ ಕ್ಲಫ್ ಮತ್ತು ಓ'ರೂರ್ಕ್ ಅದನ್ನು ಇನ್ನಷ್ಟು ಉದಾಹರಣೆಗಳೊಂದಿಗೆ ಪರಿಷ್ಕರಿಸಿದರು. ಅವರ ಪ್ರಕಾರ ಗಟ್ಟಿ ಜೇಡಿ, ಮರಳು, ಬಂಡೆ ಕರಗಿ ಆದ ಮಣ್ಣು ಇವುಗಳಲ್ಲಿ ಗೋಡೆಯ ಗರಿಷ್ಠ ಚಲನೆ ಸರಾಸರಿ ಅಗೆತದ ಆಳದ 0.2% ಆಸುಪಾಸು. ನೆಲದ ಕುಸಿತ ಅದಕ್ಕಿಂತ ತುಸು ಕಡಿಮೆ, 0.15%. 12 ಮೀಟರ್ ಹೊಂಡಕ್ಕೆ ಲೆಕ್ಕ ಹಾಕಿದರೆ ಗೋಡೆ 24 ಮಿಲಿಮೀಟರ್, ನೆಲ 18 ಮಿಲಿಮೀಟರ್. ಆದರೆ ಇದು ಸರಾಸರಿ. ಅದೇ ಮಣ್ಣಿನಲ್ಲಿ 0.5% ಮುಟ್ಟಿದ ಹೊಂಡಗಳೂ ಇವೆ, ಅಂದರೆ 60 ಮಿಲಿಮೀಟರ್. ಮೆದು ಜೇಡಿಯಲ್ಲಿ, ಅದರಲ್ಲೂ ತಳ ಭದ್ರವಿಲ್ಲದಿದ್ದರೆ, 1% ದಾಟುವುದೂ ಉಂಟು.

ಪರಿಣಾಮ ಎಷ್ಟು ದೂರ? ಮರಳಿನಲ್ಲಿ ಗೋಡೆಯಿಂದ ಆಳದ ಎರಡು ಪಟ್ಟು, ಗಟ್ಟಿ ಜೇಡಿಯಲ್ಲಿ ಮೂರು ಪಟ್ಟಿನವರೆಗೆ. ಮೆದು ಜೇಡಿಯಲ್ಲಿ ಆಳದ ಮುಕ್ಕಾಲು ಭಾಗದಷ್ಟು ದೂರದವರೆಗೆ ಕುಸಿತ ಜೋರಾಗಿದ್ದು, ಆಮೇಲೆ ಕಡಿಮೆಯಾಗುತ್ತಾ ಎರಡು ಪಟ್ಟಿನ ಹತ್ತಿರ ಮುಗಿಯುತ್ತದೆ. ನೀರು ಇಳಿಸಿದ್ದರಿಂದ ಆಗುವ ಕುಸಿತಕ್ಕೆ ಈ ಗಡಿ ಅನ್ವಯಿಸುವುದಿಲ್ಲ. ಅದರ ಮಾತು ಕೆಳಗೆ ಬರುತ್ತದೆ.

ಪಕ್ಕದ ಕಟ್ಟಡ ಎಷ್ಟು ತಡೆದುಕೊಳ್ಳುತ್ತದೆ?

ಕಟ್ಟಡ ಪೂರ್ತಿ ಒಂದೇ ಸಮ ಇಳಿದರೆ ಹೆಚ್ಚು ತೊಂದರೆಯಿಲ್ಲ, ಪೈಪು ಮತ್ತು ಮೆಟ್ಟಿಲುಗಳ ಜೋಡಣೆ ಕೆಡಬಹುದು ಅಷ್ಟೆ. ಒಂದು ಕಂಬ ಇಳಿದು ಪಕ್ಕದ ಕಂಬ ಇಳಿಯದಿದ್ದಾಗ ಬಿರುಕು ಶುರು. ಎರಡು ಕಂಬಗಳ ನಡುವಿನ ಕುಸಿತದ ವ್ಯತ್ಯಾಸವನ್ನು ಅವುಗಳ ಅಂತರದಿಂದ ಭಾಗಿಸಿ ನೋಡುವುದು ಹಳೆಯ ರೂಢಿ. 1/300ರ ಹತ್ತಿರ ಒಳಗೋಡೆಗಳಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ, 1/150 ಆದರೆ ಕಟ್ಟಡದ ಚೌಕಟ್ಟಿಗೇ ಪೆಟ್ಟು ಬೀಳುವ ಭಯ. ಬಿರುಕೇ ಬೇಡವೆಂದರೆ 1/500 ಒಳಗಿರಬೇಕು. 6 ಮೀಟರ್ ಅಂತರದ ಕಂಬಗಳಿಗೆ 1/500 ಅಂದರೆ ಬರೀ 12 ಮಿಲಿಮೀಟರ್ ವ್ಯತ್ಯಾಸ.

ಹೊಂಡದ ಪಕ್ಕದ ಕಟ್ಟಡಕ್ಕೆ ಇನ್ನೊಂದು ಕಷ್ಟವಿದೆ. ನೆಲ ಇಳಿಯುವುದರ ಜೊತೆಗೆ ಹೊಂಡದ ಕಡೆಗೆ ಎಳೆಯಲ್ಪಡುತ್ತದೆ. ಬರೀ ಕುಸಿತವನ್ನಷ್ಟೇ ಅಳೆದು ನೆಮ್ಮದಿಯಾಗಿರುವವರು ಈ ಅಡ್ಡ ಎಳೆತವನ್ನು ಮರೆತಿರುತ್ತಾರೆ. ಗಾರೆಯಿಂದ ಕಟ್ಟಿದ ಹಳೆಯ ಇಟ್ಟಿಗೆ ಗೋಡೆ ಎಳೆತವನ್ನು ಸಹಿಸುವುದೇ ಇಲ್ಲ. ಉಬ್ಬಿದ ನೆಲದ ಮೇಲೆ ಕೂತು ಎರಡೂ ತುದಿ ಕೆಳಗೆ ಬಾಗಿದ ಕಟ್ಟಡದ ಮೇಲ್ಭಾಗ ಮೊದಲು ಸೀಳುತ್ತದೆ. ಎಲ್ಲ ಕಂಬಗಳ ತಳಪಾಯವೂ ಒಂದೇ ರಾಫ್ಟ್ (ಇಡೀ ಕಟ್ಟಡದ ಅಡಿಯ ಒಂದೇ ಚಪ್ಪಡಿ) ಆಗಿದ್ದರೆ ಎಳೆತ ಕಟ್ಟಡದ ಮೇಲೆ ಅಷ್ಟಾಗಿ ಬರುವುದಿಲ್ಲ. ಅರ್ಧ ಕಟ್ಟಡ ಆಳಕ್ಕಿಳಿದ ಪೈಲ್ ಕಂಬಗಳ ಮೇಲೆ, ಅರ್ಧ ಸಾದಾ ಪಾಯದ ಮೇಲೆ ಇದ್ದರೆ ಎಲ್ಲಕ್ಕಿಂತ ಕೆಟ್ಟದು. ಹಿಂದೆ ಸೇರಿಸಿದ ಕೋಣೆ, ಆಮೇಲೆ ಕಟ್ಟಿದ ಮುಂಭಾಗ ಇದ್ದರೆ ಅವುಗಳ ಪಾಯ ಯಾವುದು ಎಂದು ಅಗೆದೇ ನೋಡಬೇಕು.

ಬಿರುಕಿನ ಅಗಲ ನೋಡಿ ಎಷ್ಟು ಗಂಭೀರ ಎಂದು ಹೇಳಬಹುದೇ?

ಸ್ಥೂಲವಾಗಿ ಹೇಳಬಹುದು. ಎಂಜಿನಿಯರ್‌ಗಳು ಹೆಚ್ಚಾಗಿ ಬಳಸುವ ವರ್ಗೀಕರಣದಲ್ಲಿ 0.1 ಮಿಲಿಮೀಟರ್ ಒಳಗಿನ ಕೂದಲೆಳೆ ಬಿರುಕು ಲೆಕ್ಕಕ್ಕಿಲ್ಲ. 1 ಮಿಲಿಮೀಟರ್ ತನಕ ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದು. 5 ಮಿಲಿಮೀಟರ್ ತನಕ ತುಂಬಿ ಸರಿಪಡಿಸಬಹುದು, ಬಾಗಿಲು ಕಿಟಕಿ ಸ್ವಲ್ಪ ಬಿಗಿಯಾಗಬಹುದು. 5ರಿಂದ 15 ಮಿಲಿಮೀಟರ್ ಆದರೆ ಗಾರೆ ಕೆಲಸದವರು ಗೋಡೆ ಬಿಚ್ಚಿ ಕಟ್ಟಬೇಕಾದೀತು. 25 ಮಿಲಿಮೀಟರ್ ಮೀರಿದರೆ ಭಾಗಶಃವೋ ಪೂರ್ತಿಯೋ ಮರುನಿರ್ಮಾಣದ ಮಾತು. ಒಂದೇ ಅಗಲವಾದ ಬಿರುಕಿಗಿಂತ, ಮೇಲೆ ಅಗಲ ಕೆಳಗೆ ಚೂಪು ಇರುವ ಬಿರುಕು ನೆಲ ಎತ್ತ ಹೋಗುತ್ತಿದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ.

ಚಲನೆ ಕಡಿಮೆ ಮಾಡಲು ಗೋಡೆಯ ದಪ್ಪ ಹೆಚ್ಚಿಸಿದರೆ ಸಾಲದೇ?

ದಪ್ಪ ಹೆಚ್ಚಿಸಿದರೆ ಸಹಾಯ ಆಗುತ್ತದೆ, ಆದರೆ ಅದು ದುಬಾರಿ ದಾರಿ. ಬಾಗದೆ ನಿಲ್ಲುವ ಗುಣ, ಅಂದರೆ ಸ್ಟಿಫ್‌ನೆಸ್, ದಪ್ಪದ ಮೂರನೇ ಘಾತದಂತೆ ಏರುತ್ತದೆ. 600 ಮಿಲಿಮೀಟರ್ ಡಯಾಫ್ರಾಮ್ ಗೋಡೆಯನ್ನು (ಕಂದಕ ತೋಡಿ ನೆಲದೊಳಗೇ ಎರಕ ಹೊಯ್ದ ಕಾಂಕ್ರೀಟ್ ಗೋಡೆ) 800 ಮಾಡಿದರೆ ಸುಮಾರು 2.4 ಪಟ್ಟು. ಆದರೆ ಗೋಡೆ ಮತ್ತು ಸ್ಟ್ರಟ್ ಸೇರಿದ ಒಟ್ಟು ವ್ಯವಸ್ಥೆಯ ಲೆಕ್ಕದಲ್ಲಿ ಸ್ಟ್ರಟ್‌ಗಳ ನಡುವಿನ ಲಂಬ ಅಂತರ ನಾಲ್ಕನೇ ಘಾತವಾಗಿ ಬರುತ್ತದೆ. ಅಂತರವನ್ನು 3.5 ಮೀಟರಿನಿಂದ 2.5ಕ್ಕೆ ಇಳಿಸಿದರೆ ಸುಮಾರು 3.8 ಪಟ್ಟು. ಗೋಡೆಗೆ ಒಂದು ಹಿಡಿ ಕಾಂಕ್ರೀಟನ್ನೂ ಸೇರಿಸದೆ, ಒಂದೋ ಎರಡೋ ಸಾಲು ಸ್ಟ್ರಟ್ ಹೆಚ್ಚು ಹಾಕಿ ಗಳಿಸಿದ್ದು ಅದು.

ಸ್ಟಿಫ್‌ನೆಸ್ ಇಮ್ಮಡಿಯಾದರೆ ಚಲನೆ ಅರ್ಧವಾಗುತ್ತದೆ ಎಂದೂ ತಿಳಿಯಬೇಡಿ. ಗಟ್ಟಿ ಮಣ್ಣಿನಲ್ಲಿ ಮೊದಲೇ ಚಲನೆ ಕಡಿಮೆ, ಗೋಡೆ ದಪ್ಪವಾದರೂ ಹೆಚ್ಚು ವ್ಯತ್ಯಾಸ ಕಾಣದು. ಮೆದು ಮಣ್ಣಿನಲ್ಲಿ ತಳವೇ ಜಾರುವಂತಿದ್ದರೆ ಗೋಡೆ ಎಷ್ಟು ದಪ್ಪವಿದ್ದರೂ ಬುಡಸಮೇತ ಸರಿಯುತ್ತದೆ. ಶೀಟ್ ಪೈಲ್ (ನೆಲಕ್ಕೆ ಬಡಿದಿಳಿಸುವ ಉಕ್ಕಿನ ಹಾಳೆಗಳ ಗೋಡೆ) ಬಿಟ್ಟು ಕಾಂಕ್ರೀಟ್ ಗೋಡೆಗೆ ಹೋಗುವುದು ಪಕ್ಕದಲ್ಲಿ ಕಟ್ಟಡ ಇದ್ದಾಗ ಸರಿಯಾದ ನಿರ್ಧಾರ. ಅದಾದ ಮೇಲೆ ಇನ್ನೂರು ಮಿಲಿಮೀಟರ್ ಹೆಚ್ಚಿಸಬೇಕೇ ಎಂದು ಯೋಚಿಸುವ ಮುನ್ನ ಸ್ಟ್ರಟ್ ಮಟ್ಟಗಳನ್ನು ನೋಡಿ.

ಮೊದಲ ಸ್ಟ್ರಟ್ ಯಾವಾಗ ಹಾಕಬೇಕು?

ಆದಷ್ಟು ಬೇಗ, ಆದಷ್ಟು ಮೇಲೆ. ಯಂತ್ರ ಓಡಾಡಲು ಜಾಗ ಬೇಕು ಎಂಬ ಕಾರಣಕ್ಕೆ ಮೊದಲ ಸ್ಟ್ರಟ್ ಅನ್ನು ನಾಲ್ಕೈದು ಮೀಟರ್ ಕೆಳಗೆ ಇಡುವ ಆಸೆ ಗುತ್ತಿಗೆದಾರರಿಗೆ ಸಹಜ. ಆಸರೆಯಿಲ್ಲದ ಗೋಡೆಯ ತುದಿ ಆ ಹಂತದಲ್ಲಿ ವಾಲಿದ್ದು ಕೊನೆಯವರೆಗೂ ಹಾಗೇ ಉಳಿಯುತ್ತದೆ, ಅದರ ಪೆಟ್ಟು ನೇರವಾಗಿ ಗೋಡೆಯ ಬುಡದಲ್ಲಿರುವ ಕಟ್ಟಡದ ಮೇಲೆ. ಗೋಡೆಯ ತಲೆಯ ಮೇಲೆ ಸುತ್ತಲೂ ಕ್ಯಾಪಿಂಗ್ ಬೀಮ್ ಹಾಕಿ ಬಿಡಿ ಫಲಕಗಳನ್ನೆಲ್ಲ ಒಂದಾಗಿ ಕಟ್ಟಿದರೆ ಈ ವಾಲಿಕೆ ತಗ್ಗುತ್ತದೆ.

ನಕ್ಷೆಯಲ್ಲಿ ಇರುವುದಕ್ಕಿಂತ ಅರ್ಧ ಮೀಟರ್ ಹೆಚ್ಚು ಅಗೆದರೆ ಏನಾಗುತ್ತದೆ?

ತುಂಬಾ ಆಗುತ್ತದೆ. ಸ್ಟ್ರಟ್ ಕೂರಿಸಲು ಅದರ ಮಟ್ಟಕ್ಕಿಂತ ಅರ್ಧ ಮೀಟರಿನಷ್ಟು ಕೆಳಗೆ ಅಗೆಯುವುದನ್ನು ವಿನ್ಯಾಸದಲ್ಲೇ ಸೇರಿಸಿರುತ್ತಾರೆ. ಅದರ ಮೇಲೆ ಇನ್ನೊಂದು ಅರ್ಧ ಮೀಟರ್, ಮುಂದಿನ ದಿನದ ಕೆಲಸ ಸಲೀಸಾಗಲಿ ಎಂದು ಇನ್ನೊಂದಿಷ್ಟು, ಹೀಗೆ ಅಗೆದಾಗ ಆಧಾರವಿಲ್ಲದ ಎತ್ತರ ಬೆಳೆಯುತ್ತದೆ. ನಾಲ್ಕನೇ ಘಾತ ಇಲ್ಲಿಯೂ ಕೆಲಸ ಮಾಡುತ್ತದೆ. ಹೊಂಡವನ್ನು ಒಂದೇ ಸಲ ಉದ್ದಕ್ಕೂ ಇಳಿಸದೆ ತುಂಡು ತುಂಡಾಗಿ ಅಗೆದು, ಆ ತುಂಡಿನ ಸ್ಟ್ರಟ್ ಕೂರಿಸಿ, ಆಮೇಲೆ ಪಕ್ಕದ್ದಕ್ಕೆ ಹೋಗುವುದು ಒಳ್ಳೆಯದು. ಗೋಡೆಯ ಬುಡದಲ್ಲಿ ಮಣ್ಣಿನ ದಿಬ್ಬ ಉಳಿಸಿ ನಡುವೆ ಮಾತ್ರ ಇಳಿಯುವುದೂ ಉಪಯುಕ್ತ, ಆದರೆ ದಿಬ್ಬ ಮಳೆಗೆ ನೆನೆದು ಮೆತ್ತಗಾಗದಂತೆ ನೋಡಿಕೊಳ್ಳಬೇಕು. ಹೊಂಡದ ಮೂಲೆಗಳಲ್ಲಿ ಗೋಡೆ ಕಡಿಮೆ ಸರಿಯುತ್ತದೆ, ಉದ್ದ ಬದಿಯ ನಡುವೆ ಹೆಚ್ಚು. ಪಕ್ಕದ ಕಟ್ಟಡ ಆ ನಡುಭಾಗದ ಎದುರಿಗಿದ್ದರೆ ಅಲ್ಲಿಯ ತುಂಡುಗಳನ್ನು ಇನ್ನೂ ಚಿಕ್ಕದಾಗಿಸಿ.

ಸಮಯವೂ ಅಷ್ಟೇ ಮುಖ್ಯ. ಜೇಡಿಮಣ್ಣು ಅಗೆದ ದಿನ ಗಟ್ಟಿಯಾಗಿಯೇ ನಿಂತಂತೆ ಕಾಣುತ್ತದೆ, ದಿನ ಕಳೆದಂತೆ ನೀರು ಹೀರಿ ಸಡಿಲವಾಗುತ್ತದೆ, ನಿಧಾನಕ್ಕೆ ಹರಿಯುತ್ತದೆ. ಕಬ್ಬಿಣ ಬಂದಿಲ್ಲ, ವೆಲ್ಡರ್ ಇಲ್ಲ ಎಂದು ಒಂದು ವಾರ ಹೊಂಡ ಹಾಗೇ ಬಿಟ್ಟರೆ ಆ ವಾರದ ಚಲನೆ ನೆರೆಯವರ ಪಾಲಿಗೆ ಬರುತ್ತದೆ. ಸ್ಟ್ರಟ್‌ಗಳು ಸೈಟಿಗೆ ಬಂದು, ಅಳತೆಗೆ ಕತ್ತರಿಸಿ ಸಿದ್ಧವಾಗಿರದೆ ಆ ಹಂತದ ಅಗೆತ ಶುರು ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಟ್ರಟ್‌ಗೆ ಪ್ರಿಲೋಡ್ ಯಾಕೆ?

ಪ್ರಿಲೋಡ್ ಅಂದರೆ ಸ್ಟ್ರಟ್ ಕೂರಿಸುವಾಗಲೇ ಅದಕ್ಕೆ ಒತ್ತಡ ಕೊಡುವುದು. ಒಂದು ಸ್ಟ್ರಟ್ ಕೂತ ಜಾಗವನ್ನು ಹತ್ತಿರದಿಂದ ನೋಡಿ. ಡಯಾಫ್ರಾಮ್ ಗೋಡೆಯ ಮುಖ ಮಣ್ಣಿನ ಅಚ್ಚಿನಲ್ಲಿ ಎರಕವಾದದ್ದು, ಉಬ್ಬುತಗ್ಗು ಇದ್ದೇ ಇರುತ್ತದೆ. ಅದರ ಮೇಲೆ ನೇರವಾದ ಕಬ್ಬಿಣದ ವೇಲರ್, ಅಂದರೆ ಗೋಡೆಯುದ್ದಕ್ಕೂ ಮಲಗಿಸಿದ ತೊಲೆ, ಇಟ್ಟರೆ ನಾಲ್ಕು ಕಡೆ ತಾಗುತ್ತದೆ, ಉಳಿದೆಡೆ ಬೆರಳು ತೂರುವಷ್ಟು ಸಂದು. ವೇಲರ್ ಮತ್ತು ಸ್ಟ್ರಟ್ ತುದಿಯ ನಡುವೆ ಇನ್ನೊಂದು ಸಂದು, ಅದಕ್ಕೆ ತುರುಕಿದ ಕಬ್ಬಿಣದ ಚೂರುಗಳು. ಈ ಸಂದುಗಳೆಲ್ಲ ಮುಚ್ಚುವ ತನಕ ಗೋಡೆ ಆರಾಮವಾಗಿ ಸರಿಯುತ್ತದೆ, ಸ್ಟ್ರಟ್ ಮೇಲೆ ಹೊರೆಯೇ ಬೀಳುವುದಿಲ್ಲ. 10 ಮಿಲಿಮೀಟರ್ ಸಂದು ಅಂದರೆ 10 ಮಿಲಿಮೀಟರ್ ಚಲನೆಯನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಮೇಲೆ ಹೇಳಿದ 12 ಮೀಟರ್ ಹೊಂಡದ 24 ಮಿಲಿಮೀಟರ್ ನೆನಪಿಸಿಕೊಳ್ಳಿ.

ಹಾಗಾಗಿ ವೇಲರ್ ಹಿಂದಿನ ಸಂದನ್ನು ಗ್ರೌಟ್ (ಸಿಮೆಂಟಿನ ದ್ರವ) ಅಥವಾ ಕಾಂಕ್ರೀಟಿನಿಂದ ತುಂಬಿ, ಗಟ್ಟಿಯಾದ ಮೇಲೆ ಹೈಡ್ರಾಲಿಕ್ ಜಾಕ್‌ನಿಂದ ಸ್ಟ್ರಟ್ ಅನ್ನು ಒತ್ತಿ, ಒತ್ತಿದ ಸ್ಥಿತಿಯಲ್ಲೇ ಬಿಗಿದು ಬಿಡುತ್ತಾರೆ. ವಿನ್ಯಾಸದ ಹೊರೆಯ ಅರ್ಧದಿಂದ ಮುಕ್ಕಾಲು ಭಾಗ ಪ್ರಿಲೋಡ್ ಕೊಡುವುದು ಸಾಮಾನ್ಯ. ಪೂರ್ತಿ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅತಿಯಾದರೆ ಗೋಡೆ ಹೊರಕ್ಕೆ ತಳ್ಳಲ್ಪಟ್ಟು ಪಕ್ಕದ ಪಾಯವನ್ನೂ ಪೈಪುಗಳನ್ನೂ ಒತ್ತುತ್ತದೆ, ಮುಂದಿನ ಹಂತದಲ್ಲಿ ಸ್ಟ್ರಟ್ ಮಿತಿ ಮೀರಿ ಹೊರೆ ಹೊರಬೇಕಾಗುತ್ತದೆ. ಕೆಳಗಿನ ಸಾಲಿಗೆ ಪ್ರಿಲೋಡ್ ಕೊಟ್ಟಾಗ ಮೇಲಿನ ಸಾಲು ಸಡಿಲವಾಗುವುದೂ ಉಂಟು. ಹೊರೆ ಅಳೆದು ಬೇಕಿದ್ದರೆ ಮತ್ತೆ ಜಾಕ್ ಹಾಕಬೇಕು.

ಬಿಸಿಲಿನಿಂದ ಸ್ಟ್ರಟ್‌ಗೆ ಏನಾದರೂ ಆಗುತ್ತದೆಯೇ?

ಆಗುತ್ತದೆ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 0.012 ಮಿಲಿಮೀಟರ್ ಹಿಗ್ಗುತ್ತದೆ. 20 ಮೀಟರ್ ಉದ್ದದ ಸ್ಟ್ರಟ್ 20 ಡಿಗ್ರಿ ಬಿಸಿಯಾದರೆ ಸುಮಾರು 5 ಮಿಲಿಮೀಟರ್. ಹಿಗ್ಗಲು ಬಿಡದೆ ಗೋಡೆಗಳು ಹಿಡಿದರೆ ಹೊರೆ ಏರುತ್ತದೆ, ರಾತ್ರಿ ಇಳಿಯುತ್ತದೆ. ವಿನ್ಯಾಸದಲ್ಲಿ ಈ ಹೆಚ್ಚುವರಿ ಹೊರೆಗೆ ಜಾಗವಿಟ್ಟಿರಬೇಕು. ಅಳತೆಗಳನ್ನು ದಿನವೂ ಒಂದೇ ಹೊತ್ತಿಗೆ, ಬೆಳಗಿನ ಜಾವ ಆದರೆ ಉತ್ತಮ, ತೆಗೆದುಕೊಂಡು ಉಷ್ಣಾಂಶವನ್ನೂ ಬರೆದಿಡಿ.

ಸ್ಟ್ರಟ್ ಒಳ್ಳೆಯದೋ, ನೆಲದ ಆ್ಯಂಕರ್ ಒಳ್ಳೆಯದೋ?

ಗೋಡೆಯನ್ನು ಹಿಂದಿನ ಮಣ್ಣಿಗೆ ಎಳೆದು ಕಟ್ಟುವ ಆ್ಯಂಕರ್ ಹಾಕಿದರೆ ಹೊಂಡ ಖಾಲಿ ಇರುತ್ತದೆ, ಕೆಲಸ ಬೇಗ ಸಾಗುತ್ತದೆ. ಅಗಲವಾದ ಹೊಂಡಕ್ಕೆ ಉದ್ದುದ್ದ ಸ್ಟ್ರಟ್ ಹಾಕುವುದೇ ಕಷ್ಟ, ಅಲ್ಲಿ ಆ್ಯಂಕರ್ ಸೂಕ್ತ. ಆದರೆ ಅದು ಪಕ್ಕದವರ ಕಟ್ಟಡದ ಅಡಿಗೆ ಹೋಗುತ್ತದೆ. ಅವರ ಒಪ್ಪಿಗೆ ಬೇಕು, ಅವರ ಪೈಲ್‌ಗೆ, ಬೇಸ್‌ಮೆಂಟಿಗೆ ತಗಲಬಾರದು. ಮೆದು ಜೇಡಿಯಲ್ಲಿ ಆ್ಯಂಕರ್ ಹಿಡಿತ ನಿಧಾನಕ್ಕೆ ಜಾರುತ್ತದೆ. ನೀರಿನ ಮಟ್ಟದ ಕೆಳಗೆ ಮರಳಿನಲ್ಲಿ ಗೋಡೆ ತೂತು ಮಾಡಿದರೆ ನೀರಿನ ಜೊತೆ ಮರಳೂ ಒಳಗೆ ಬರುತ್ತದೆ, ಹೊರಗೆ ಪೊಳ್ಳು ಬೀಳುತ್ತದೆ. ಪಕ್ಕದಲ್ಲೇ ಸೂಕ್ಷ್ಮ ಕಟ್ಟಡ ಇದ್ದರೆ ನಾನು ಸ್ಟ್ರಟ್ ಅಥವಾ ಮಹಡಿ ಚಪ್ಪಡಿಗಳನ್ನೇ ಆರಿಸುತ್ತೇನೆ.

ಮೇಲಿನಿಂದ ಕೆಳಗೆ ಕಟ್ಟುತ್ತಾ ಹೋಗುವ ಟಾಪ್‌ಡೌನ್ ವಿಧಾನ ಚಲನೆಯನ್ನು ನಿಲ್ಲಿಸುತ್ತದೆಯೇ?

ಚೆನ್ನಾಗಿ ತಗ್ಗಿಸುತ್ತದೆ. ಬೇಸ್‌ಮೆಂಟಿನ ಕಾಯಂ ಚಪ್ಪಡಿಗಳೇ ಸ್ಟ್ರಟ್ ಆಗುವುದರಿಂದ ಆಧಾರ ಬಲವಾಗಿರುತ್ತದೆ, ಕೊನೆಗೆ ಸ್ಟ್ರಟ್ ಬಿಚ್ಚುವ ತಲೆನೋವೂ ಇಲ್ಲ. 1970ರ ದಶಕದಲ್ಲಿ ಲಂಡನ್ನಿನ ಸಂಸತ್ ಭವನದ ಪಕ್ಕ, ಗಡಿಯಾರ ಗೋಪುರದ ಹತ್ತಿರ, 18.5 ಮೀಟರ್ ಆಳದ ಕಾರ್ ಪಾರ್ಕ್ ಅನ್ನು ಡಯಾಫ್ರಾಮ್ ಗೋಡೆ ಹಾಕಿ, ಕಾಯಂ ಚಪ್ಪಡಿಗಳನ್ನೇ ಆಧಾರ ಮಾಡಿಕೊಂಡು ಕಟ್ಟಿದರು.

ಆದರೆ ಇದನ್ನು ಸರ್ವರೋಗ ಪರಿಹಾರ ಎಂದುಕೊಳ್ಳಬಾರದು. ತೈಪೆಯ ಒಂದು ಹೊಂಡ ಈ ಕ್ಷೇತ್ರದವರಿಗೆಲ್ಲ ಗೊತ್ತು, ಅಷ್ಟು ಚೆನ್ನಾಗಿ ಅದನ್ನು ಅಳೆದಿದ್ದಾರೆ. ಆಳ 19.7 ಮೀಟರ್, ಗೋಡೆ 0.9 ಮೀಟರ್ ದಪ್ಪ, 35 ಮೀಟರ್ ಆಳಕ್ಕೆ ಇಳಿದದ್ದು, ವಿಧಾನ ಟಾಪ್‌ಡೌನ್. ಆದರೂ ಮೆದು ಜೇಡಿಯಲ್ಲಿ ಗೋಡೆ 10 ಸೆಂಟಿಮೀಟರಿಗೂ ತುಸು ಹೆಚ್ಚು ಬಾಗಿತು. ಚಪ್ಪಡಿ ಎರಕ ಹೊಯ್ದು ಅದು ಬಲಗೊಳ್ಳಲು ದಿನಗಳು ಬೇಕು. ಅಷ್ಟು ಕಾಲವೂ ಗೋಡೆ ಕಾಯುತ್ತಾ ನಿಂತಿರುತ್ತದೆ. ಜೊತೆಗೆ ಬಾಗುವುದು ಅಗೆತದ ತಳದ ಬಳಿ, ಚಪ್ಪಡಿ ಇನ್ನೂ ತಲುಪದ ಕಡೆ.

ಹಾಗಾದರೆ ತಳದ ಕೆಳಗಿನ ಚಲನೆಯನ್ನು ತಡೆಯುವುದು ಹೇಗೆ?

ಮೊದಲು ತಳ ಭದ್ರವಿದೆಯೇ ನೋಡಿ. ಮೆದು ಜೇಡಿಯಲ್ಲಿ ಹೊರಗಿನ ಮಣ್ಣಿನ ಭಾರ ಗೋಡೆಯ ಬುಡದ ಕೆಳಗಿನಿಂದ ಮಣ್ಣನ್ನು ತಳ್ಳಿ ಹೊಂಡದ ತಳವನ್ನು ಉಬ್ಬಿಸುತ್ತದೆ. ಈ ಉಬ್ಬಿನ ವಿರುದ್ಧದ ಸುರಕ್ಷತಾ ಗುಣಾಂಕ (ತಡೆಯುವ ಬಲ ತಳ್ಳುವ ಬಲದ ಎಷ್ಟು ಪಟ್ಟು ಎಂಬುದು) 1.5ಕ್ಕಿಂತ ಇಳಿದಂತೆ ಚಲನೆ ದಿಢೀರನೆ ಏರುತ್ತದೆ ಎಂದು ಹಳೆಯ ಅಳತೆಗಳೆಲ್ಲ ತೋರಿಸಿವೆ.

ಪರಿಹಾರ ಮೂರು ಬಗೆ. ಗೋಡೆಯನ್ನು ಕೆಳಗಿನ ಗಟ್ಟಿ ಪದರದವರೆಗೆ ಇಳಿಸುವುದು. ಅರ್ಧ ದಾರಿಯಲ್ಲಿ ಮೆದು ಮಣ್ಣಿನಲ್ಲೇ ನಿಂತ ಗೋಡೆಯ ಬುಡಕ್ಕೆ ಹಿಡಿತವಿರದು. ಎರಡನೆಯದು, ಅಗೆಯುವ ಮುನ್ನವೇ ತಳದ ಕೆಳಗಿನ ಮಣ್ಣನ್ನು ಸಿಮೆಂಟ್ ದ್ರವವನ್ನು ಜೋರಾಗಿ ಚಿಮ್ಮಿಸುವ ಜೆಟ್ ಗ್ರೌಟಿಂಗ್‌ನಿಂದಲೋ ಸಿಮೆಂಟ್ ಬೆರೆಸುವ ಡೀಪ್ ಮಿಕ್ಸಿಂಗ್‌ನಿಂದಲೋ ಗಟ್ಟಿ ಮಾಡುವುದು. ಅದು ಹೂತಿಟ್ಟ ಸ್ಟ್ರಟ್‌ನಂತೆ ಕೆಲಸ ಮಾಡುತ್ತದೆ, ಅಗೆತ ಅಲ್ಲಿಗೆ ತಲುಪುವ ಮೊದಲೇ ಆಧಾರ ಸಿಕ್ಕಿರುತ್ತದೆ. ಆದರೆ ಗ್ರೌಟ್ ಪದರ ಗೋಡೆಗೆ ಅಂಟಿರಬೇಕು; ನಡುವೆ ಮೆದು ಮಣ್ಣಿನ ಪಟ್ಟಿ ಉಳಿದರೆ ಖರ್ಚೆಲ್ಲ ದಂಡ. ಕೋರ್ ತೆಗೆದು ಪರೀಕ್ಷಿಸದೆ ಇದನ್ನು ನಂಬಬೇಡಿ. ಮೂರನೆಯದು ಕ್ರಾಸ್ ವಾಲ್: ಎದುರುಬದುರು ಗೋಡೆಗಳನ್ನು ನೆಲದೊಳಗೇ ಅಡ್ಡ ಗೋಡೆಗಳಿಂದ ಜೋಡಿಸುವುದು. ತೈವಾನಿನಲ್ಲಿ ಇದು ಬಹಳ ಬಳಕೆಯಲ್ಲಿದೆ, ಚಲನೆಯನ್ನು ಗಣನೀಯವಾಗಿ ಇಳಿಸುತ್ತದೆ.

ನೀರು ಪಂಪ್ ಮಾಡಿ ಹೊಂಡ ಒಣಗಿಸುವುದರಿಂದ ನೆರೆಮನೆಗೆ ತೊಂದರೆಯೇ?

ಗೋಡೆ ಒಂದು ಮಿಲಿಮೀಟರೂ ಸರಿಯದೆ ನೆರೆಮನೆ ಕುಸಿಯುವುದು ಹೀಗೆಯೇ. ಹೊರಗಿನ ಅಂತರ್ಜಲ 1 ಮೀಟರ್ ಇಳಿದರೆ ಕೆಳಗಿನ ಮಣ್ಣಿನ ಕಣಗಳ ಮೇಲೆ ಚದರ ಮೀಟರಿಗೆ ಸುಮಾರು 1 ಟನ್ ಭಾರ ಹೆಚ್ಚುತ್ತದೆ, ನೆಲದ ಮೇಲೆ ಅರ್ಧ ಮೀಟರ್ ಮಣ್ಣು ಹರಡಿದಷ್ಟು. ಮೆದು ಜೇಡಿ ಇದ್ದರೆ ಅದು ತಿಂಗಳುಗಟ್ಟಲೆ ಕುಗ್ಗುತ್ತಾ ಹೋಗುತ್ತದೆ, ನೂರಾರು ಮೀಟರ್ ದೂರದವರೆಗೂ ತಟ್ಟಬಹುದು. ಆದ್ದರಿಂದ ಗೋಡೆಯ ಬುಡ ನೀರು ಬಿಡದ ಪದರದೊಳಗೆ ಹೂತಿರಬೇಕು, ಪಂಪ್ ಒಳಗಿನ ನೀರನ್ನಷ್ಟೇ ಎಳೆಯಬೇಕು. ಹೊರಗೆ ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಇಟ್ಟು ಮಟ್ಟ ನೋಡುತ್ತಿರಬೇಕು, ಇಳಿಯತೊಡಗಿದರೆ ರೀಚಾರ್ಜ್ ಬಾವಿಗಳಿಂದ ನೀರು ತುಂಬಬೇಕು.

ಸೋರಿಕೆ ಇನ್ನೂ ಅಪಾಯ. 2009ರ ಮಾರ್ಚ್ 3ರಂದು ಜರ್ಮನಿಯ ಕೊಲೋನ್‌ನಲ್ಲಿ ಭೂಗತ ರೈಲಿನ ಹೊಂಡದ ಪಕ್ಕದಲ್ಲಿದ್ದ ನಗರದ ಐತಿಹಾಸಿಕ ದಾಖಲೆ ಭಂಡಾರ ಕುಸಿಯಿತು, ಪಕ್ಕದ ಮನೆಗಳಲ್ಲಿದ್ದ ಇಬ್ಬರು ಸತ್ತರು. ಡಯಾಫ್ರಾಮ್ ಗೋಡೆಯ ದೋಷವಿದ್ದ ಭಾಗದಿಂದ ನೀರು ಮಣ್ಣನ್ನು ಹೊತ್ತು ಹೊಂಡಕ್ಕೆ ನುಗ್ಗಿತ್ತು. ಗೋಡೆಯಲ್ಲಿ ತಿಳಿನೀರು ಜಿನುಗಿದರೆ ಗುರುತು ಹಾಕಿ ಮುಚ್ಚಿ. ಕೆಂಪಾಗಿ, ಬೂದಾಗಿ, ಮಣ್ಣು ಬೆರೆತು ಬಂದರೆ ಅಗೆತ ನಿಲ್ಲಿಸಿ.

ಅಗೆಯುವ ಮೊದಲೇ ಬಿರುಕು ಬಂತು. ಇದು ಸಾಧ್ಯವೇ?

ಸಾಧ್ಯ. ಶೀಟ್ ಪೈಲ್ ಬಡಿಯುವ ಕಂಪನ ಸಡಿಲ ಮರಳನ್ನು ಅದುಮುತ್ತದೆ; ಕೊನೆಯಲ್ಲಿ ಅದನ್ನು ಕೀಳುವಾಗ ಉಳಿಯುವ ಪೊಳ್ಳೂ ಕುಸಿತ ತರುತ್ತದೆ. ಡಯಾಫ್ರಾಮ್ ಗೋಡೆಗೆ ತೋಡುವ ಕಂದಕ, ಸಾಲು ಪೈಲ್‌ಗಳ ಕೊಳವೆ ಕೊರೆತ, ಎಲ್ಲದರಿಂದಲೂ ಸ್ವಲ್ಪ ಚಲನೆ ಆಗುತ್ತದೆ. ಅಳತೆ ಶುರುವಾಗಬೇಕಾದ್ದು ಗೋಡೆ ಹಾಕುವ ಮುನ್ನ, ಅಗೆಯುವ ದಿನ ಅಲ್ಲ.

ಯಾವುದನ್ನೆಲ್ಲ ಅಳೆಯಬೇಕು?

ಗೋಡೆಯೊಳಗೆ ಇನ್‌ಕ್ಲಿನೋಮೀಟರ್ (ಕೊಳವೆಯಲ್ಲಿ ಪ್ರೋಬ್ ಇಳಿಸಿ ವಾಲಿಕೆ ಅಳೆಯುವ ಸಾಧನ), ಸ್ಟ್ರಟ್ ಮೇಲೆ ಹೊರೆ ಅಳೆಯುವ ಲೋಡ್ ಸೆಲ್ ಅಥವಾ ಸ್ಟ್ರೇನ್ ಗೇಜ್, ಹೊರಗೆ ಪೀಜೋಮೀಟರ್, ಕಟ್ಟಡದ ಕಂಬಗಳಿಗೆ ಲೆವೆಲ್ ಗುರುತು ಮತ್ತು ಪ್ರಿಸಮ್, ಬಿರುಕುಗಳ ಮೇಲೆ ಗೇಜ್. ಇವುಗಳಲ್ಲಿ ಇನ್‌ಕ್ಲಿನೋಮೀಟರ್ ಬಗ್ಗೆ ಎಚ್ಚರ ಹೇಳಲೇಬೇಕು. ಸಾಮಾನ್ಯವಾಗಿ ಅದು ಕೊಳವೆಯ ಬುಡ ಕದಲಿಲ್ಲ ಎಂದು ಹಿಡಿದು ಮೇಲಿನ ಚಲನೆಯನ್ನು ಲೆಕ್ಕ ಹಾಕುತ್ತದೆ. ಕೊಳವೆ ಗೋಡೆಯ ಬುಡದಲ್ಲೇ ನಿಂತಿದ್ದು, ಆ ಬುಡವೇ 15 ಮಿಲಿಮೀಟರ್ ಒಳಗೆ ಸರಿದರೆ, ಪೂರ್ತಿ ವರದಿ 15 ಮಿಲಿಮೀಟರ್ ಕಡಿಮೆ ತೋರಿಸುತ್ತದೆ, ಕಾಗದದ ಮೇಲೆ ಎಲ್ಲ ಚೆನ್ನಾಗಿರುತ್ತದೆ. ಕೊಳವೆಯನ್ನು ಗೋಡೆಗಿಂತ ಕೆಳಗೆ ಗಟ್ಟಿ ನೆಲಕ್ಕೆ ಇಳಿಸಿ, ತಲೆಯನ್ನು ಟೋಟಲ್ ಸ್ಟೇಷನ್‌ನಿಂದ ಬೇರೆಯಾಗಿ ಅಳೆದು ತಾಳೆ ನೋಡಿ. ಪ್ರೋಬನ್ನು ಒಮ್ಮೆ ನೇರ, ಇನ್ನೊಮ್ಮೆ ತಿರುಗಿಸಿ ಇಳಿಸಿ ಎರಡು ಓದುಗಳನ್ನು ಹೋಲಿಸದ ವರದಿಯನ್ನು ಒಪ್ಪಿಕೊಳ್ಳಬೇಡಿ.

ಅಳತೆ ಎಚ್ಚರಿಕೆ ಮಿತಿ ದಾಟಿದರೆ ಏನು ಮಾಡಬೇಕು?

ಏನು ಮಾಡಬೇಕೆಂದು ಅಗೆಯುವ ಮುನ್ನವೇ ಬರೆದಿಟ್ಟಿರಬೇಕು. ಅಳತೆ ನೋಡುತ್ತಾ ಅದಕ್ಕೆ ತಕ್ಕಂತೆ ಕೆಲಸ ಬದಲಿಸುವ ಅವಲೋಕನ ವಿಧಾನವನ್ನು 1969ರಲ್ಲಿ ವಿವರಿಸುವಾಗ ಪೆಕ್ ಇದನ್ನು ಷರತ್ತಾಗಿಯೇ ಇಟ್ಟರು: ಊಹಿಸಬಹುದಾದ ಪ್ರತಿ ವ್ಯತ್ಯಾಸಕ್ಕೂ ಮೊದಲೇ ಯೋಜಿಸಿದ ಕ್ರಮ ಇರಬೇಕು. ಮೊದಲ ಮಿತಿಯಲ್ಲಿ ಅಳತೆ ಪದೇ ಪದೇ, ಕಾರಣದ ಹುಡುಕಾಟ. ಎರಡನೆಯದರಲ್ಲಿ ಅಗೆತಕ್ಕೆ ತಡೆ, ಹೆಚ್ಚುವರಿ ಸ್ಟ್ರಟ್, ಮತ್ತೆ ಜಾಕಿಂಗ್, ಗೋಡೆಯ ಬುಡಕ್ಕೆ ಮಣ್ಣು ಮರಳಿ ತುಂಬುವುದು. ಒಟ್ಟು ಚಲನೆಗಿಂತ ವೇಗವೇ ಹೆಚ್ಚು ಹೇಳುತ್ತದೆ. ಅಗೆತ ನಿಂತ ಮೇಲೂ ಗೋಡೆ ಸರಿಯುವುದು ನಿಲ್ಲದಿದ್ದರೆ ಸಂಖ್ಯೆ ಚಿಕ್ಕದಾಗಿದ್ದರೂ ಅದು ಕೆಟ್ಟ ಸುದ್ದಿ.

ಮಿತಿ ದಾಟಿದಾಗ ಮಿತಿಯನ್ನೇ ಏರಿಸುವುದು ಮಾತ್ರ ಮಾಡಬೇಡಿ. 2004ರ ಏಪ್ರಿಲ್ 20ರಂದು ಸಿಂಗಪುರದ ನಿಕೋಲ್ ಹೈವೇ ಪಕ್ಕದ ರೈಲು ಹೊಂಡ, ಸುಮಾರು 30 ಮೀಟರ್ ಆಳದಲ್ಲಿ, ಕುಸಿದು ನಾಲ್ವರು ಸತ್ತರು. ಒಂಬತ್ತನೇ ಸಾಲಿನ ಸ್ಟ್ರಟ್ ಮತ್ತು ವೇಲರ್ ಸೇರುವ ಜಾಗ ದುರ್ಬಲವಾಗಿತ್ತು. ಕಂಪ್ಯೂಟರ್ ವಿಶ್ಲೇಷಣೆ ಮೆದು ಜೇಡಿಯ ಬಲವನ್ನು ನಿಜಕ್ಕಿಂತ ಹೆಚ್ಚಾಗಿ ತೆಗೆದುಕೊಂಡು ಗೋಡೆಯ ಚಲನೆಯನ್ನು ಕಡಿಮೆ ತೋರಿಸಿತ್ತು. ಅಳತೆಗಳು ಅಂದಾಜು ಮೀರಿದಾಗ ಲೆಕ್ಕವನ್ನು ಅಳತೆಗೆ ಹೊಂದಿಸಿ ಮಿತಿಗಳನ್ನು ಮೇಲಕ್ಕೆ ಸರಿಸಿದ್ದೂ ನಡೆದಿತ್ತು. ಹೊಂಡ ತಿಂಗಳುಗಳಿಂದ ಹೇಳುತ್ತಲೇ ಇತ್ತು.

ಕಟ್ಟಡವನ್ನೇ ಮೊದಲು ಗಟ್ಟಿ ಮಾಡಿಕೊಳ್ಳಬಹುದೇ?

ಮಾಡಬಹುದು. ಪಾಯದ ಅಡಿಗೆ ಮೈಕ್ರೋ ಪೈಲ್ ಹಾಕಿ ಭಾರವನ್ನು ಆಳಕ್ಕೆ ಇಳಿಸುವುದು ಒಂದು. ನೆಲ ಕುಸಿದಂತೆಲ್ಲ ಕೆಳಗೆ ಗ್ರೌಟ್ ತುಂಬಿ ಎತ್ತುತ್ತಾ ಹೋಗುವುದು ಇನ್ನೊಂದು; 1990ರ ದಶಕದಲ್ಲಿ ಲಂಡನ್ನಿನ ಜೂಬಿಲಿ ರೈಲು ಮಾರ್ಗದ ಕೆಲಸದಲ್ಲಿ ಬಿಗ್ ಬೆನ್ ಗೋಪುರದ ವಾಲಿಕೆಯನ್ನು ಹೀಗೆ ಹತೋಟಿಯಲ್ಲಿಟ್ಟರು. ಎರಡೂ ನಾಜೂಕಿನ ಕೆಲಸ. ಹೊಂಡದ ಕಡೆಯ ದಾರಿಗಳೆಲ್ಲ ಮುಗಿದ ಮೇಲೆ ಇವನ್ನು ಯೋಚಿಸಿ.

ಹೊಂಡ ನಮ್ಮ ಪಕ್ಕದ ಸೈಟಿನಲ್ಲಿ. ಮಾಲೀಕರಾಗಿ ನಾವು ಏನು ಕೇಳಬೇಕು?

ಕೆಲಸ ಶುರುವಾಗುವ ಮುನ್ನ ಎರಡೂ ಕಡೆಯವರು ಸೇರಿ ನಿಮ್ಮ ಕಟ್ಟಡದ ಈಗಿನ ಸ್ಥಿತಿಯನ್ನು ಫೋಟೊ, ಅಳತೆಗಳ ಸಹಿತ ದಾಖಲಿಸಿ ಸಹಿ ಹಾಕಲಿ. ಹಳೆಯ ಬಿರುಕುಗಳನ್ನು ಮುಚ್ಚಿಡಬೇಡಿ. ನಿಮ್ಮ ಕಟ್ಟಡ ಎಷ್ಟು ಇಳಿಯುತ್ತದೆಂದು ಅಂದಾಜಿಸಿದ್ದಾರೆ, ಎಚ್ಚರಿಕೆ ಮಿತಿ ಎಷ್ಟು, ಅದು ದಾಟಿದರೆ ಅಗೆತ ನಿಲ್ಲಿಸುವ ಅಧಿಕಾರ ಯಾರಿಗೆ, ಇವನ್ನು ಲಿಖಿತವಾಗಿ ಕೇಳಿ. ವಾರದ ಅಳತೆ ವರದಿ ನಿಮಗೂ ಬರಲಿ. ನಿಮ್ಮ ಬಳಿ ಹಳೆಯ ನಕ್ಷೆ, ಪಾಯದ ವಿವರ ಇದ್ದರೆ ಕೊಡಿ, ಅದರಿಂದ ನಿಮಗೇ ಒಳ್ಳೆಯದು. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ನೆಲದಲ್ಲಿ ಸಂದು ಬಿಟ್ಟರೆ ತಡಮಾಡದೆ ತಿಳಿಸಿ.

ಹೊಂಡದ ತಳಕ್ಕೆ ಕಾಂಕ್ರೀಟ್ ಬಿದ್ದಾಯಿತು. ಇನ್ನು ಭಯವಿಲ್ಲವಲ್ಲ?

ಇನ್ನೂ ಇದೆ. ಬೇಸ್‌ಮೆಂಟ್ ಮೇಲೇರುತ್ತಿದ್ದಂತೆ ಸ್ಟ್ರಟ್‌ಗಳನ್ನು ಒಂದೊಂದಾಗಿ ಬಿಚ್ಚಬೇಕು, ಪ್ರತಿ ಸಲವೂ ಗೋಡೆಯ ಆಧಾರದ ಅಂತರ ದೊಡ್ಡದಾಗುತ್ತದೆ, ಗೋಡೆ ಮತ್ತೆ ಬಾಗುತ್ತದೆ. ಒಂದು ಸಾಲು ಬಿಚ್ಚುವ ಮುನ್ನ ಅದರ ಕೆಳಗಿನ ಚಪ್ಪಡಿ ಗೋಡೆಗೆ ತಾಗಿ, ನಿಗದಿಯಾದ ಬಲ ಗಳಿಸಿರಬೇಕು. ಚಪ್ಪಡಿಯ ಅಂಚಿಗೂ ಗೋಡೆಗೂ ನಡುವೆ ಉಳಿದ ಸಂದಿಯನ್ನು ಮರೆಯುವವರು ಬಹಳ. ಜೇಡಿ ಇರುವ ಕಡೆ ಕಟ್ಟಡ ಮುಗಿದ ಮೇಲೂ ನೀರಿನ ಒತ್ತಡ ಮರಳಿ ಸಮವಾಗುವ ತನಕ ಚಲನೆ ನಿಧಾನಕ್ಕೆ ನಡೆಯುತ್ತಿರುತ್ತದೆ. ಕೊನೆಯ ಸ್ಟ್ರಟ್ ತೆಗೆದು, ಪಂಪ್ ನಿಲ್ಲಿಸಿ, ಸತತ ಓದುಗಳಲ್ಲಿ ವ್ಯತ್ಯಾಸ ಕಾಣದಾದ ಮೇಲೆ ಗೇಜ್‌ಗಳನ್ನು ಬಿಚ್ಚಿ.